ಬೆಕ್ಕಿನ ಕೊರಳಿನ ನೂಲು

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ನಾನು ದನದ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ಬೆಟಗೇರಿಯ ನೇಕಾರರ ಗಂಗವ್ವನ ಬೆಕ್ಕಿನ ಕಾಲಿಗೆ ನಾಯಿ ಕಚ್ಚಿದೆಯೆಂದು ಕರೆ ಬಂತು. ಹೋಗಿ ಪಟ್ಟಿ ಕಟ್ಟಿ, "ಗಾಯ ಮಾಯೂತನಕ ಇದನ್ನ ಹೊರಗ ಬಿಡಬ್ಯಾಡ್ರಿ ಯವ್ವಾ" ಅಂದೆ.

ಮುದುಕಿಯ ಮುಖ ಸಪ್ಪಗಾಯಿತು. "ಹಂಗಾರ ಅಮೀನಾಗ ನನ್ನ ಖಬರ ಯಾರ ಒಯ್ತಾರೋ ಯಪ್ಪಾ?"

ಅಮೀನಾಬಿ ಓಣಿಯ ಆ ತುದಿಯ ಗೆಳತಿ. ಇಬ್ಬರಿಗೂ ಮೊಣಕಾಲು ಹಿಡಿದು ನಡೆಯಲಾಗದು. ಅದಕ್ಕೇ ಗಂಗವ್ವ ದಿನಾ ಮಗ್ಗದಲ್ಲಿ ಉಳಿದ ಒಂದೆಳೆ ನೂಲನ್ನು ಬೆಕ್ಕಿನ ಕೊರಳಿಗೆ ಕಟ್ಟಿ ಬಿಡುತ್ತಿದ್ದಳು. ಅಮೀನಾಬಿ ಅದನ್ನು ಬಿಚ್ಚಿ, ಬೆಕ್ಕಿಗೆ ಹಾಲೆರೆದು, ತನ್ನ ಮಗ್ಗದ ನೂಲು ಕಟ್ಟಿ ಕಳಿಸುತ್ತಿದ್ದಳು. ಇಬ್ಬರೂ ಆರಾಮ ಇದ್ದಾರೆ ಅನ್ನುವುದಕ್ಕೆ ಅಷ್ಟೇ ಸಾಕಾಗಿತ್ತು.

ನಾನು ಕೈ ಚಾಚಿದೆ. ಗಂಗವ್ವ ಕೆಂಪು ನೂಲು ಕಟ್ಟಿದಳು.

ಓಣಿಯ ಆ ತುದಿಗೆ ಹೋದಾಗ ನನ್ನ ಕೈ ನೋಡಿ ಅಮೀನಾಬಿ ಗಾಬರಿಯಾದಳು. "ಬೆಕ್ಕಿಗೇನಾತ್ರೀ?"

"ಕಾಲಿಗೆ ಗಾಯ ಆಗೈತಿ. ಮಾಯತೈತಿ."

ಕೆಂಪು ಬಿಚ್ಚಿ ಹಸಿರು ಕಟ್ಟಿದಳು. ಆಮೇಲೆ ಬಟ್ಟಲು ತುಂಬ ಹಾಲು ತಂದಿಟ್ಟಳು.

"ನಾ ಚಹಾ ಕುಡಿಯಾಂವ್ರಿ."

"ನೂಲು ತಂದಾವ್ರಿಗೆ ಇಲ್ಲಿ ಹಾಲೇ ಕೊಡೂದು. ಕುಡೀರಿ."

ಕುಡಿದು ಮೀಸೆ ಒರೆಸಿಕೊಂಡೆ. ಬೆಕ್ಕಿನ ಗಾಯ ಮಾಯುವವರೆಗೂ ದಿನಾ ಆ ಓಣಿ ಸುತ್ತಿದೆ. ನನ್ನನ್ನು ಹೊರಗೆ ಬಿಡಬೇಡಿ ಎಂದು ಯಾರೂ ಅನ್ನಲಿಲ್ಲ.