ವೈನಿಯ ಸುಣ್ಣದ ಗೆರೆಗಳು

ವೈನಿಯ ಬಲಗೈ ತೋರುಬೆರಳ ತುದಿ ಯಾವಾಗಲೂ ಸುಣ್ಣದಿಂದ ಬೆಳ್ಳಗಿರುತ್ತಿತ್ತು. ಆಕೆ ಎಲೆ ಅಡಿಕೆ ತಿನ್ನುತ್ತಿರಲಿಲ್ಲ. ಅಣ್ಣನ ಹೆಂಡತಿಯಾಗಿ ದಡ್ಡಿ ಎಂಬ ಊರಿನಿಂದ ಮೂಡಲಗಿಯ ನಮ್ಮ ಮನೆಗೆ ಬಂದಾಗ ನನಗೆ ಹನ್ನೆರಡೋ ಹದಿಮೂರೋ.

ತಿಂಗಳ ಬಹುಪಾಲು ಆಕೆಯಷ್ಟು ನಗಿಸುವವರು ಇರಲಿಲ್ಲ. ಆಮೇಲೆ ಆರೇಳು ದಿನ ಬೇರೆಯವಳಾಗುತ್ತಿದ್ದಳು. ಬಳೆಯ ಸದ್ದಿಗೂ ಸಿಟ್ಟು, ಕಾರಣವಿಲ್ಲದ ಅಳು. ಒಮ್ಮೆ ರೊಟ್ಟಿ ಸುಡುವ ಕಾದ ಹಂಚನ್ನೇ ಅಂಗಳಕ್ಕೆ ಎಸೆದಳು. "ಸೊಸಿ ತಂದೀವೋ ಸಿಡಿಲು ತಂದೀವೋ," ಎನ್ನುತ್ತಿದ್ದಳು ಅವ್ವ. ಸಿಟ್ಟು ಇಳಿದ ಬೆಳಿಗ್ಗೆ ವೈನಿಯೇ ಕರೆಯುತ್ತಿದ್ದಳು: "ಆಕಿ ಹೋದಳು, ನಿಮ್ಮ ವೈನಿ ಬಂದಾಳ. ರೊಟ್ಟಿ ತಿನ್ನು ಬಾರವ್ವಾ, ಇವತ್ತ ಕಡಿಯಾಂಗಿಲ್ಲ."

ನಮ್ಮ ಲಿಂಗಾಯತ ಮನೆಯಲ್ಲಿ ಮುಟ್ಟಿನ ಮೈಲಿಗೆ ಇಲ್ಲ. ಆ ದಿನಗಳಲ್ಲೂ ಹೆಂಗಸರು ಅಡಿಗೆ, ಲಿಂಗಪೂಜೆ ಮಾಡುತ್ತಾರೆ. ಅದು ನಮ್ಮ ಹೆಮ್ಮೆ. ಅದರಿಂದಲೇ ಯಾರ ದಿನ ಯಾವಾಗ ಎಂದು ಯಾರೂ ಗಮನಿಸುತ್ತಿರಲಿಲ್ಲ. ಮೂಲೆಗೆ ಕೂರಿಸುವ ಮನೆಯಾಗಿದ್ದರೆ ಯಾರಾದರೂ ತಾಳೆ ಹಾಕುತ್ತಿದ್ದರೇನೋ. ಇಲ್ಲಿ ವೈನಿ ತಾನೇ ಹಾಕಿದಳು. ಅಡಿಗೆಮನೆಯ ಬಾಗಿಲ ಹಿಂದೆ ದಿನಕ್ಕೊಂದು ಸುಣ್ಣದ ಚುಕ್ಕೆ. ಮನಸ್ಸು ಕೆಟ್ಟ ದಿನ ಗೆರೆ, ಮುಟ್ಟಾದ ದಿನ ಸೊನ್ನೆ. ಪ್ರತಿ ಸಲವೂ ಗೆರೆಗಳು ಸೊನ್ನೆಗಿಂತ ಮುಂಚೆ. ಸೊನ್ನೆ ಬಂದ ಒಂದೆರಡು ದಿನಕ್ಕೆ ಮತ್ತೆ ಚುಕ್ಕೆ.

"ದೆವ್ವ ಅಲ್ಲ, ಹುಚ್ಚೂ ಅಲ್ಲ. ತಾರೀಖು ನೋಡಿ ಬರತೈತಿ," ಎಂದಳು ನನಗೆ ಅದನ್ನು ತೋರಿಸಿ. "ಗೆರಿ ಸುರುವಾದ್ರ ನನ್ನ ಒಬ್ಬಾಕಿನ್ನ ಬಾವಿಗೆ ಬಿಡಬ್ಯಾಡ. ನಿಮ್ಮ ಅಣ್ಣಗ ತಿಳಿಸಿ ಹೇಳು. ನಿನ್ನ ಮಾತು ಕೇಳತಾರ."

ಹೇಳಿದೆ. ಅಣ್ಣ ಬಾಗಿಲ ಹಿಂದೆ ನಿಂತು ಬಹಳ ಹೊತ್ತು ನೋಡಿದ. "ಖರೇನ ಐತಿ. ಈ ಸಲ ತವರಿಗೆ ಬಿಟ್ಟು ಬರೂಣು. ಆರಾಮ ಆದಮ್ಯಾಲೆ ಕರಕೊಂಡು ಬರತೇನಿ," ಎಂದ. ಹೀಗೆಯೇ ಎಂದನೇ? ನನ್ನ ತಪ್ಪು ಹಗುರಾಗಲೆಂದು ನಾನು ಕಟ್ಟಿಕೊಂಡ ಮಾತೇ? ಎತ್ತಿನ ಚಕ್ಕಡಿಯಲ್ಲಿ ದಡ್ಡಿಯವರೆಗೆ ನಾನೂ ಹೋದದ್ದು ಮಾತ್ರ ನಿಜ. "ಎಂಟ ದಿನ ಅಷ್ಟರಿ, ವೈನಿ," ಎಂದವಳೂ ನಾನೇ.

ಅಣ್ಣ ಕರೆತರಲು ಹೋಗಲಿಲ್ಲ. ಹಿರಿಯರನ್ನು ಕೂಡಿಸಿ ಅದೇ ಬಾಗಿಲು ತೋರಿಸಿದ: "ತಿಂಗಳಾ ಹುಚ್ಚ ಹಿಡೀತೈತಿ ಅಂತ ಆಕೀನ ಬರದಾಳ, ನೋಡ್ರಿ." ಎರಡನೆಯ ಮದುವೆಗೆ ಒಪ್ಪಿಗೆ ಸಿಕ್ಕಿತು. ನಾನು ಅಲ್ಲೇ ನಿಂತಿದ್ದೆ. ಗೆರೆಗಳ ಅರ್ಥ ನನಗೆ ಗೊತ್ತಿತ್ತು.

ವೈನಿ ತವರಲ್ಲೇ ಜ್ವರ ಬಂದು ತೀರಿಕೊಂಡಳು. ಅದಕ್ಕೆ ಒಂದು ವರ್ಷ ಮೊದಲು, ಪುಣೆಯಲ್ಲಿ ಓದು ಮುಗಿಸಿ ಬಂದ ನಾನು ವರ್ಷಗಳ ಮೇಲೆ ಆಕೆಯನ್ನು ನೋಡಲು ದಡ್ಡಿಗೆ ಹೋಗಿದ್ದೆ. ಅಣ್ಣ ನನಗೂ ಮೋಸ ಮಾಡಿದ, ನನಗೇನೂ ಗೊತ್ತಿರಲಿಲ್ಲ ಎಂದೆ. ಆಕೆ ನೀರು ತಂದುಕೊಟ್ಟು, ಎದುರಿಗೆ ಕೂತು ಕೇಳಿದಳು:

"ಗೊತ್ತಾದ ದಿನಾನ ಯಾಕ ಬರಲಿಲ್ಲ, ತಂಗಿ?"