ಎಣ್ಣೆ ಮೇಷ್ಟ್ರು ಎಣ್ಣೆ ಕೆಳಗಿಟ್ಟ ದಿನ

ಮುರಿದ ಮೂಳೆಯನ್ನು ಕೂಡಿಸಿದವರ ಹೆಸರನ್ನು ರೋಗಿಗಳು ಮೊಮ್ಮಕ್ಕಳಿಗೂ ಹೇಳುತ್ತಾರೆ. ಕೂಡಿದ ಕಾಲನ್ನು ಮತ್ತೆ ಮೆಟ್ಟಿಲು ಹತ್ತಿಸಿದವರನ್ನು ಮೆಟ್ಟಿಲು ಹತ್ತಿದ ಮರುದಿನವೇ ಮರೆಯುತ್ತಾರೆ. ಇಂತಹ ಎಲೆಮರೆಯ ಕಾಯಕದಲ್ಲಿ ಮೂವತ್ತೆಂಟು ವರ್ಷ ದುಡಿದು, ನಮ್ಮ ಆಸ್ಪತ್ರೆಯ ಅಂಗಮರ್ದನ ಮತ್ತು ಚಿಕಿತ್ಸಾ ವ್ಯಾಯಾಮ ವಿಭಾಗದ ಮುಖ್ಯಸ್ಥರಾಗಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಗುರುಗಳು ಆ ಮರೆವಿನ ನಿಯಮಕ್ಕೆ ಅಪವಾದವಾಗಿದ್ದಾರೆ. ಹೊರರೋಗಿಗಳ ಸಾಲಿನಿಂದ ಹಿಡಿದು ಶಸ್ತ್ರವೈದ್ಯರ ಕೋಣೆಯವರೆಗೆ ಎಲ್ಲರಿಗೂ ಅವರು ‘ಎಣ್ಣೆ ಮೇಷ್ಟ್ರು’. ಹೊಸದಾಗಿ ಬಂದ ಗುಮಾಸ್ತರು ಈ ಹೆಸರು ಕೇಳಿ ಮುಸಿಮುಸಿ ನಕ್ಕು, ಸಂಜೆ ಹೊತ್ತು ಮೇಷ್ಟ್ರು ಎಲ್ಲಿ ಕೂರುತ್ತಾರೆಂದು ಗುಟ್ಟಾಗಿ ವಿಚಾರಿಸಿದ್ದೂ ಉಂಟು. ಎಳ್ಳೆಣ್ಣೆಯ ಹೊರತು ಬೇರೆ ಎಣ್ಣೆಯನ್ನು ಮುಟ್ಟದ ಮೇಷ್ಟ್ರು ಆ ನಗುವಿಗೆ ತಮ್ಮದೊಂದು ನಗುವನ್ನು ಸೇರಿಸಿದರೇ ವಿನಾ ಎಂದೂ ಮುನಿಯಲಿಲ್ಲ.

ಅವರ ತಂದೆ ಕ್ರೀಡಾಂಗಣದಲ್ಲಿ ಓಟಗಾರರ ಕಾಲು ತಿಕ್ಕುತ್ತಿದ್ದವರು. ಚರ್ಮವನ್ನು ಮುಟ್ಟುವ ಮೊದಲು ಅಂಗೈ ಬೆಚ್ಚಗಿರಬೇಕು, ಉಗುರು ಮೊಂಡಾಗಿರಬೇಕು, ಬೆರಳಿಗೊಂದು ಕಣ್ಣಿರಬೇಕು ಎಂಬ ಪಾಠ ಮೇಷ್ಟ್ರಿಗೆ ಮನೆಯಲ್ಲೇ ಆಗಿತ್ತು. ಇಪ್ಪತ್ತೆರಡರ ಹರೆಯದಲ್ಲಿ ಮಾಲೀಸಿನ ಸಹಾಯಕರಾಗಿ ಆಸ್ಪತ್ರೆಗೆ ಸೇರಿದ ಅವರ ಮೇಜಿನ ಮುಂದೆ ವರ್ಷ ತುಂಬುವುದರೊಳಗೆ ಸಾಲು ಬೆಳೆಯಿತು. ಪಕ್ಕದ ಎರಡು ಮೇಜುಗಳು ಖಾಲಿಯಿದ್ದರೂ ಜನ ಗಂಟೆಗಟ್ಟಲೆ ಕಾದು ಇವರ ಕೈಗೇ ಬೆನ್ನು ಕೊಡುತ್ತಿದ್ದರು. ‘ಆಗ ನನ್ನ ಕೈ ಬಗ್ಗೆ ನನಗೆ ಸ್ವಲ್ಪ ಕೊಬ್ಬೇ ಇತ್ತು’ ಎಂದು ಅವರೇ ಎಷ್ಟೋ ಸಲ ನಮ್ಮೆದುರು ಒಪ್ಪಿಕೊಂಡಿದ್ದಾರೆ. ಆ ಕೊಬ್ಬಿನ ಜೊತೆಗೆ ಕಲಿಯುವ ಹಸಿವೂ ಇದ್ದುದರಿಂದ, ಇಬ್ಬರು ಮಕ್ಕಳ ತಂದೆಯಾದ ಮೇಲೆ ಸಂಜೆ ಕಾಲೇಜಿಗೆ ಹೋಗಿ, ಮೀಸೆ ಮೂಡದವರ ಜೊತೆ ಬೆಂಚಿನಲ್ಲಿ ಕುಳಿತು, ಚಿಕಿತ್ಸಾ ವ್ಯಾಯಾಮದ ಪದವಿ ಪಡೆದರು. ಓದಿದ ವಿದ್ಯೆಗೂ ಒಲಿದ ಕೈಗೂ ಜಗಳ ಹತ್ತಿದ್ದು ಆಮೇಲೆ. ಆ ಜಗಳವನ್ನು ಅವರು ಗೆದ್ದ ಬಗೆಯನ್ನು, ಆಗ ಅವರ ಬಳಿ ಕಲಿಯುತ್ತಿದ್ದ ನಾನು ಕಣ್ಣಾರೆ ಕಂಡಿದ್ದೇನೆ.

ಪೇಟೆಯ ಕ್ಷೌರಿಕರೊಬ್ಬರು ಪಾರ್ಶ್ವವಾಯುವಾಗಿ ಬಲಗೈ ಸ್ವಾಧೀನ ಕಳೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಕುಂಟುತ್ತ ನಡೆಯುವಷ್ಟು ಕಾಲು ಚೇತರಿಸಿಕೊಂಡಿತ್ತು. ಕೈ ಮಾತ್ರ ಮುಷ್ಟಿಯಾಗಿ ಎದೆಗೆ ಅಂಟಿಕೊಂಡಿತ್ತು. ಮೇಷ್ಟ್ರು ದಿನಕ್ಕೆ ನಲವತ್ತು ನಿಮಿಷ ಎಣ್ಣೆ ಹಚ್ಚಿ ನೀವುತ್ತಿದ್ದರು. ಸ್ವತಃ ತಲೆ ತಿಕ್ಕುವುದರಲ್ಲಿ ಪಳಗಿದವರಾದ ಕ್ಷೌರಿಕರು ಕಣ್ಣು ಮುಚ್ಚಿಕೊಂಡೇ, ಇಲ್ಲಿ ಒತ್ತಿ, ಅಲ್ಲಿ ಬಿಡಿ ಎಂದು ತಿದ್ದುತ್ತಿದ್ದರು. ಇಬ್ಬರು ಕಸಬುದಾರರಿಗೂ ಒಬ್ಬರನ್ನು ಕಂಡರೆ ಒಬ್ಬರಿಗೆ ಅಕ್ಕರೆ ಹುಟ್ಟಿತು. ಮೇಜಿನ ಮೇಲೆ ಹೂವಿನಂತೆ ಬಿಚ್ಚಿಕೊಳ್ಳುತ್ತಿದ್ದ ಆ ಬೆರಳುಗಳು ಮನೆ ಸೇರುವ ಹೊತ್ತಿಗೆ ಮತ್ತೆ ಮಡಚಿಕೊಳ್ಳುತ್ತಿದ್ದವು. ಮೂರು ತಿಂಗಳು ಹೀಗೇ ಕಳೆಯಿತು. ಒಂದು ದಿನ ಕ್ಷೌರಿಕರ ಹೆಂಡತಿ ಯಾರ ಮೇಲೂ ದೂರಿಲ್ಲದ ದನಿಯಲ್ಲಿ, ಗಂಡ ಇನ್ನೂ ಒಂದು ಅಂಗಿ ಗುಂಡಿಯನ್ನೂ ತಾವೇ ಹಾಕಿಕೊಂಡಿಲ್ಲವೆಂದು ಹೇಳಿದರು. ಆ ಮಾತು ಮೇಷ್ಟ್ರಿಗೆ ಚುರುಕು ಮುಟ್ಟಿಸಿತು. ತಾವು ಮೂರು ತಿಂಗಳಿಂದ ನೋಡಿಕೊಂಡದ್ದು ರೋಗಿಯ ಹಿತವನ್ನೋ ತಮ್ಮ ಹೆಸರನ್ನೋ ಎಂಬ ಪ್ರಶ್ನೆ ಅಂದು ಅವರನ್ನು ಬಿಡದೆ ಕಾಡಿತು.

ಮರುದಿನ ಅವರು ಐದೇ ನಿಮಿಷ ತಿಕ್ಕಿ ಎಣ್ಣೆಯ ಬಟ್ಟಲನ್ನು ಕೆಳಗಿಟ್ಟರು. ಒಂದು ಒದ್ದೆ ಟವೆಲನ್ನು ಎದುರಿಗಿಟ್ಟು, ಆ ಮುಷ್ಟಿಯಿಂದಲೇ ಹಿಂಡಬೇಕೆಂದರು. ಕ್ಷೌರಿಕರು ತಮಾಷೆಯೆಂದುಕೊಂಡರು, ತಮಾಷೆಯಲ್ಲವೆಂದು ತಿಳಿದಾಗ ಕಣ್ಣು ತುಂಬಿಕೊಂಡರು.

‘ಇಡೀ ದಿನದಲ್ಲಿ ನನಗೆ ಸುಖ ಅಂತ ಇರೋದು ಆ ನಲವತ್ತು ನಿಮಿಷ. ಅದನ್ನೂ ಕಿತ್ಕೊಳ್ತೀರಾ ಮೇಷ್ಟ್ರೇ?’ ಎಂದರು.

ಕ್ಷೌರಿಕರ ಅಣ್ಣನಿಗೆ ಇದು ಶುದ್ಧ ಸೋಮಾರಿತನವಾಗಿ ಕಂಡಿತು. ತಿಕ್ಕಲು ಸಂಬಳ ಪಡೆಯುವವರು ತಿಕ್ಕದೆ ರೋಗಿಯಿಂದ ಟವೆಲು ಹಿಂಡಿಸುತ್ತಿದ್ದಾರೆಂದು ಎರಡು ಪುಟ ತುಂಬಾ ದೂರು ಬರೆದುಕೊಟ್ಟರು. ಮುಖ್ಯ ವೈದ್ಯಾಧಿಕಾರಿಗಳು ಮೇಷ್ಟ್ರನ್ನು ಕರೆಸಿದರು.

‘ರೋಗಿ ಕೇಳೋದು ಮಾಲೀಸು, ನಿಮಗೆ ಚೆನ್ನಾಗಿ ಬರೋದೂ ಮಾಲೀಸು. ಕೊಡೋಕೆ ಏನ್ರೀ ಕಷ್ಟ?’

‘ಕೊಟ್ರೆ ಅವರಿಗೆ ಹಿತ, ನನಗೆ ಹೆಸರು ಸರ್. ಆ ಕೈಗೆ ಮಾತ್ರ ಏನೂ ಸಿಗಲ್ಲ.’

ಅಧಿಕಾರಿಗಳು ಆರು ವಾರದ ಗಡುವು ಕೊಟ್ಟರು. ಆಮೇಲೂ ದೂರು ಬಂದರೆ ಮೇಷ್ಟ್ರನ್ನು ದಾಖಲೆ ವಿಭಾಗಕ್ಕೆ ಕಳಿಸುವುದಾಗಿಯೂ ತಿಳಿಸಿದರು. ಮುಟ್ಟಿ ಗುಣಪಡಿಸುವುದನ್ನೇ ಉಸಿರಾಗಿಸಿಕೊಂಡವರಿಗೆ ಕಡತಗಳ ನಡುವೆ ಕೂರುವುದೆಂದರೆ ಅರ್ಧ ಸಾವು. ಆದರೂ ಅವರು ಪಟ್ಟು ಸಡಿಲಿಸಲಿಲ್ಲ. ಟವೆಲಿನ ನಂತರ ಬಾಚಣಿಗೆ, ಬಾಚಣಿಗೆಯ ನಂತರ ಸೋಪಿನ ಬ್ರಷ್ಷು ಬಂದವು. ಬೈಗುಳವೂ ದಿನಕ್ಕೊಂದು ಹೊಸದು ಬಂತು. ಎಲ್ಲವನ್ನೂ ಕೇಳಿಸಿಕೊಂಡು ಅವರು ‘ಇನ್ನೊಂದು ಸಲ’ ಎನ್ನುತ್ತಿದ್ದರು, ಅಷ್ಟೇ.

ಆರನೇ ವಾರಕ್ಕೆ ಮುಷ್ಟಿ ಅರೆ ತೆರೆಯಿತು. ಬೆರಳ ತುದಿಗಳು ಮೆತ್ತಗೆ ಒತ್ತಬಲ್ಲವಾದವು. ಅದಕ್ಕಿಂತ ಮುಂದೆ ಹೋಗಲಾರವು ಎಂಬುದು ಮೇಷ್ಟ್ರ ಬೆರಳಿಗೆ ಗೊತ್ತಾಗಿತ್ತು. ಸುಳ್ಳು ಭರವಸೆ ಕೊಟ್ಟು ಗಡುವು ದಾಟಿಸುವುದು ಸುಲಭವಿತ್ತು. ಬದಲಿಗೆ ಅವರು ಕ್ಷೌರಿಕರ ಪಕ್ಕದಲ್ಲಿ ಕುಳಿತು, ಆ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು ಹೇಳಿದರು: ‘ಗುಂಡಿ ಹಾಕ್ಕೋತೀರಿ, ಲೋಟ ಹಿಡೀತೀರಿ. ಈ ಕೈಲಿ ಕತ್ತಿ ಹಿಡಿಯೋಕೆ ಮಾತ್ರ ಆಗಲ್ಲ ಯಜಮಾನ್ರೇ.’

ಕ್ಷೌರಿಕರು ಎದ್ದು ಹೋದರು. ನಾಲ್ಕು ದಿನ ಬರಲಿಲ್ಲ. ಆ ನಾಲ್ಕು ದಿನ ಮೇಷ್ಟ್ರು ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ಒಯ್ದದ್ದನ್ನು ನಾವು ನೋಡಿದೆವು.

ಐದನೆಯ ದಿನ ಬಾಗಿಲು ತೆರೆಯುವ ಮೊದಲೇ ಕ್ಷೌರಿಕರು ಹೆಂಡತಿಯೊಡನೆ ಜಗುಲಿಯಲ್ಲಿ ಕುಳಿತಿದ್ದರು.

‘ಮೂವತ್ತು ವರ್ಷ ಬಲಗೈ ಕತ್ತಿ ಆಡಿಸ್ತು, ಎಡಗೈ ಬರೀ ಕೆನ್ನೆ ಚರ್ಮ ಎಳೆದು ಹಿಡೀತು’ ಎಂದರು. ‘ಇನ್ಮೇಲೆ ಇದು ಎಳೆದು ಹಿಡೀಲಿ, ಅದು ಆಡಿಸ್ಲಿ. ಕಲಿಸಿಕೊಡಿ.’

ಕಸಬುದಾರನ ಮಾತಿನೆದುರು ತಮ್ಮ ಪದವಿಯೆಲ್ಲ ಅಂದು ಚಿಕ್ಕದಾಗಿ ಕಂಡಿತೆಂದು ಮೇಷ್ಟ್ರು ಇಂದಿಗೂ ಹೇಳುತ್ತಾರೆ. ಮತ್ತೆ ದೂರು ಬಾರದ್ದರಿಂದ ಗಡುವಿನ ಮಾತೂ ಏಳಲಿಲ್ಲ. ಅಂದಿನಿಂದ ಎರಡು ತಿಂಗಳು ನಮ್ಮ ವ್ಯಾಯಾಮದ ಕೋಣೆಯಲ್ಲಿ ನಡೆದದ್ದು ಬಲೂನಿನ ಕ್ಷೌರ. ಊದಿದ ಬಲೂನಿಗೆ ನೊರೆ ಹಚ್ಚಿ, ಬಲಗೈ ಬೆರಳುಗಳಿಂದ ಅದನ್ನು ಒತ್ತಿ ಹಿಡಿದು, ಎಡಗೈಯಿಂದ ನೊರೆ ಕೆರೆಯಬೇಕು. ಬಲೂನು ಢಬ್ಬೆಂದು ಒಡೆದಾಗಲೆಲ್ಲ ಪಕ್ಕದ ಕೋಣೆಯಲ್ಲಿ ನಡಿಗೆ ಕಲಿಯುತ್ತಿದ್ದ ರೋಗಿಗಳು ಊರುಗೋಲು ಬಿಟ್ಟು ಬೆಚ್ಚುತ್ತಿದ್ದರು. ಒಬ್ಬ ಅಜ್ಜಿಯಂತೂ ಬೆಚ್ಚಿದ ಭರದಲ್ಲೇ ಎರಡು ಹೆಜ್ಜೆ ಹೆಚ್ಚಾಗಿ ನಡೆದರು. ಒಂದು ಬೆಳಗ್ಗೆ ಮೂರು ಬಲೂನು ಸಾಲಾಗಿ ಒಡೆಯದೆ ಉಳಿದವು. ಮೇಷ್ಟ್ರು ಕುರ್ಚಿ ಎಳೆದುಕೊಂಡು, ಕೊರಳಿಗೆ ಟವೆಲು ಸುತ್ತಿ, ತಮ್ಮ ಕೆನ್ನೆಯನ್ನೇ ಒಡ್ಡಿದರು. ಮುಖವನ್ನು ಇಡಿಯಾಗಿ ಮನೆಗೆ ತನ್ನಿ ಎಂದಷ್ಟೇ ಅವರ ಮನೆಯವರು ಹೇಳಿಕಳಿಸಿದ್ದರಂತೆ. ಗದ್ದದ ಕೆಳಗೆ ಒಂದು ಸಣ್ಣ ಗೀರು ಬಿದ್ದದ್ದನ್ನು ಬಿಟ್ಟರೆ ಕ್ಷೌರ ನುಣ್ಣಗಿತ್ತು. ಮೇಷ್ಟ್ರು ಎದ್ದು ಕನ್ನಡಿ ನೋಡಿಕೊಳ್ಳುತ್ತಿರುವಾಗ ದೂರು ಬರೆದಿದ್ದ ಅಣ್ಣ ಮೂಲೆಯಿಂದ ಬಂದು ಅದೇ ಕುರ್ಚಿಯಲ್ಲಿ ಕುಳಿತು ಕತ್ತೆತ್ತಿದರು. ಕ್ಷೌರಿಕರ ಅಂಗಡಿಯ ಬಾಗಿಲು ಮುಂದಿನ ವಾರವೇ ತೆರೆಯಿತು. ಅದು ಹನ್ನೆರಡು ವರ್ಷ ನಡೆಯಿತು.

ಮುಖ್ಯ ವೈದ್ಯಾಧಿಕಾರಿಗಳು ಆ ದೂರನ್ನು ಹರಿದುಹಾಕಲಿಲ್ಲ. ಅದರ ಕೆಳಗೆ ತಮ್ಮ ಕೈಯಾರೆ ಮೆಚ್ಚುಗೆಯ ನಾಲ್ಕು ಸಾಲು ಬರೆದು ಕಡತಕ್ಕೆ ಸೇರಿಸಿದರು. ಅಂದಿನಿಂದ ನಮ್ಮ ವಿಭಾಗದ ರೋಗಿಪತ್ರದಲ್ಲಿ ಮೊದಲ ಪ್ರಶ್ನೆ ‘ಎಲ್ಲಿ ನೋವು’ ಎಂಬುದಲ್ಲ, ‘ಏನು ಕೆಲಸ ಮಾಡುತ್ತಿದ್ದಿರಿ’ ಎಂಬುದು. ಹೊಸ ವಿದ್ಯಾರ್ಥಿಗಳಿಗೆ ಅವರು ಕೊಡುತ್ತಿದ್ದ ಮೊದಲ ಪಾಠವೂ ವಿಚಿತ್ರವೇ: ಒಂದು ದಿನ ಪೂರ್ತಿ ಬಲಗೈಯನ್ನು ಕೊರಳಿಗೆ ತೂಗುಹಾಕಿದ ಜೋಳಿಗೆಗೆ ಕಟ್ಟಿಕೊಂಡು ಓಡಾಡಬೇಕು. ನಾನು ಆ ದಿನ ಜಡೆ ಹಾಕಿಕೊಳ್ಳಲಾಗದೆ ಅಳುತ್ತ ಬಂದಾಗ ಅವರು ನಗಲಿಲ್ಲ; ತಮ್ಮ ಮಗಳಿಗೆ ಹಾಕುವಂತೆ ಜಡೆ ಹಾಕಿಕೊಟ್ಟು, ‘ಈ ಸಿಟ್ಟು ನೆನಪಿರಲಿ ತಾಯಿ, ನಾಳೆ ರೋಗಿ ಬೈದಾಗ ಬೇಕಾಗುತ್ತೆ’ ಎಂದರು. ಬೇಕಾಯಿತು, ನೂರು ಸಲ ಬೇಕಾಯಿತು. ಇಂದು ಹಲವಾರು ಆಸ್ಪತ್ರೆಗಳಲ್ಲಿ ಅವರ ಶಿಷ್ಯರಿದ್ದಾರೆ, ಮತ್ತು ನಾವು ಯಾರ ಕೈಯಲ್ಲಿ ಕಲಿತವರೆಂದು ಹೇಳಿಕೊಳ್ಳುವಾಗ ನಮ್ಮ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಈ ಅಭಿನಂದನ ಸಂಪುಟಕ್ಕೊಂದು ಸಂದೇಶ ಬರೆದುಕೊಡಿರೆಂದು ಸಂಪಾದಕ ಸಮಿತಿಯವರು ಮೇಷ್ಟ್ರನ್ನು ಬೇಡಿದ್ದರು. ಅವರು ಕಳಿಸಿದ್ದು ಸದ್ಯ ತಮ್ಮ ಬಳಿ ಬರುತ್ತಿರುವ ಹನ್ನೊಂದು ರೋಗಿಗಳ ಪಟ್ಟಿ. ಪ್ರತಿಯೊಬ್ಬರ ಮುಂದೆ ಇನ್ನೇನು ಬಾಕಿಯಿದೆ ಎಂಬ ಟಿಪ್ಪಣಿಯಿದೆ. ಕೊನೆಯದು ಒಬ್ಬ ಶಾಲಾ ಶಿಕ್ಷಕಿಯದು: ‘ಭುಜ ಇನ್ನೂ ಪೂರ್ತಿ ಏಳುವುದಿಲ್ಲ. ಕಪ್ಪುಹಲಗೆಯನ್ನು ಒಂದು ಗೇಣು ಕೆಳಗೆ ಇಳಿಸಲು ಶಾಲೆಯವರಿಗೆ ಹೇಳಿ. ವಾರಕ್ಕೆ ಒಂದು ಬೆರಳಿನಷ್ಟು ಮೇಲೆ ಏರಿಸಿ. ಅವಸರ ಬೇಡ.’ ನಮ್ಮ ಗುರುಗಳಿಗೆ ದೀರ್ಘಾಯುಷ್ಯವೂ ಅವರ ಬೆರಳಿಗೆ ಎಂದೂ ಬತ್ತದ ಬಿಸಿಯೂ ಇರಲಿ. ನಾವು ತಪ್ಪಿದಲ್ಲೆಲ್ಲ ಬಂದು ತಿದ್ದುವ ಹಕ್ಕನ್ನು ಅವರು ನಿವೃತ್ತಿಯ ಜೊತೆ ಬಿಟ್ಟುಕೊಡದಿರಲಿ. ಹಲಗೆಯನ್ನು ನಿನ್ನೆ ನಾವೇ ಹೋಗಿ ಇಳಿಸಿ ಬಂದೆವು. ಶಿಕ್ಷಕಿ ಅದರ ಮೇಲೆ ತಾರೀಖು ಬರೆದರು.