ಅಮ್ಮನ ಎಡಗೈ ಕಟ್ಟಿದ ದಿನಗಳು

ಅಮ್ಮನ ಎಡಗೈ ಕಟ್ಟಿದವಳು ನಾನು. ಹಳೆಯ ಟವೆಲ್ಲಿನಲ್ಲಿ ಚೀಲದಂಥ ಗವಸು ಹೊಲಿದು, ಅವಳ ಐದೂ ಬೆರಳನ್ನು ಅದರೊಳಗೆ ತೂರಿಸಿ, ಮಣಿಕಟ್ಟಿನ ಬಳಿ ಲಾಡಿ ಬಿಗಿದು, ಆಮೇಲೆ ಕಾಲೇಜಿನ ಬಸ್ಸು ಹತ್ತುತ್ತಿದ್ದೆ. ಲಕ್ವ ಹೊಡೆದದ್ದು ಬಲಗೈಗೆ, ನಾನು ಕಟ್ಟಿದ್ದು ಚೆನ್ನಾಗಿದ್ದ ಕೈಯನ್ನು. ಕೇಳಿದವರು ಈಗಲೂ ಒಂದು ಕ್ಷಣ ನನ್ನ ಮುಖ ನೋಡುತ್ತಾರೆ. ನನ್ನ ಬಳಿ ಕಾರಣವಿತ್ತು. ಒಳ್ಳೆಯ ಕಾರಣವೇ ಇತ್ತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಇರುವುದೆಲ್ಲ ರೇಷ್ಮೆ ಸೀರೆಯ ಮಗ್ಗಗಳು. ಒಂದು ಹಾಸು, ಅಂದರೆ ಮಗ್ಗಕ್ಕೆ ಉದ್ದುದ್ದ ಬಿಗಿದ ಎಳೆಗಳು, ನೇಯ್ದು ಮುಗಿಯುತ್ತ ಬಂದಾಗ ಅದರ ತುದಿಯನ್ನು ಮಗ್ಗದಲ್ಲೇ ಬಿಟ್ಟು, ಹೊಸ ಹಾಸಿನ ಎಳೆಗಳನ್ನು ಅದಕ್ಕೆ ಒಂದೊಂದಾಗಿ ಕೂಡಿಸಬೇಕು. ಸಾವಿರಾರು ಎಳೆ. ಬೆರಳಿಗೆ ಚೂರು ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನು ಎಡಗೈಯಲ್ಲಿ ಜೋಡಿಸಿ ಹಿಡಿದು, ಬಲಗೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಒಮ್ಮೆ ಹೊಸೆಯಬೇಕು. ಗಂಟು ಹಾಕುವ ಹಾಗಿಲ್ಲ. ಗಂಟಾದರೆ ಬಾಚಣಿಗೆಯಂಥ ಹಣಿಗೆಯ ಹಲ್ಲಿನಲ್ಲಿ ಸಿಕ್ಕಿ ಎಳೆ ಹರಿಯುತ್ತದೆ. ಇಡೀ ಬೀದಿಗೆ ಈ ಕೆಲಸ ಮಾಡುತ್ತಿದ್ದವಳು ಅಮ್ಮ. ಮಾತಾಡುತ್ತ, ಬೀದಿ ನೋಡುತ್ತ, ಟೀವಿ ಕೇಳುತ್ತ ಹೊಸೆಯುತ್ತಿದ್ದಳು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ನಾನು ಓದಿದ್ದು ಅವಳ ಆ ಎರಡು ಬೆರಳುಗಳಿಂದ.

ಅಂಥ ಒಂದು ಹಾಸಿನ ಮುಂದೆ ಕೂತಿದ್ದಾಗಲೇ ಅವಳು ಬಲಕ್ಕೆ ವಾಲಿದಳು. ಮಾತು ಒಂದು ವಾರದಲ್ಲಿ ಮರಳಿತು. ಕಾಲು ಎಳೆದುಕೊಂಡಾದರೂ ನಡೆಯುವ ಹೊತ್ತಿಗೆ ತಿಂಗಳಾಯಿತು. ಕೈ ಮಾತ್ರ ಮಡಿಲಲ್ಲಿ ಬೇರೆ ಯಾರದೋ ಸಾಮಾನಿನಂತೆ ಬಿದ್ದಿತ್ತು.

ಎದುರು ಮನೆಯ ನೇಕಾರರನ್ನು ನಾನು ಮಾವ ಎಂದೇ ಕರೆಯುವುದು. ದಿನಕ್ಕೊಮ್ಮೆ ಬಂದು ಜಗಲಿಯ ಮೇಲೆ ಕೂರುತ್ತಿದ್ದರು.

"ಅಲ್ಲಮ್ಮಾ, ಆ ಎಣ್ಣೆ ಹಾಕೋರತ್ರ ಒಂದ್ಸಲ ಕರ್ಕೊಂಡು ಹೋಗಾನ. ಮೂರು ಅಮಾಸೆ ಹೋದ್ರೆ ಕೈ ಎದ್ದೇಳ್ತೈತಂತೆ."

"ಯಾರ ಕೈ ಎದ್ದೈತೆ ಮಾವ? ಹೆಸರು ಹೇಳ್ರಿ."

"ಭಾಳ ಮಂದೀದು ಎದ್ದೈತೆ."

"ಎದ್ದಿಲ್ದೋರು ನಿಮ್ಮತ್ರ ಬಂದು ಹೇಳ್ತಾರಾ? ಎದ್ದೋರದು ಎಣ್ಣೆಯಿಂದ್ಲೇ ಎದ್ದಿದ್ದು ಅಂತ ಹೆಂಗೆ ಹೇಳ್ತೀರಿ? ಸುಮ್ನೆ ಮನೇಲಿದ್ರೂ ಏಳ್ತಿತ್ತೇನೋ."

ಮಾವ ಟವೆಲ್ ಕೊಡವಿಕೊಂಡು ಎದ್ದರು. "ನಿನ್ ಮಗಳ ಜತೆ ಮಾತಾಡೋದ್ಕಿಂತ ಮಗ್ಗದ ಗುಂಡೀಲಿ ತಲೆ ಇಟ್ಕೊಂಡು ಕೂತ್ಕೊಳ್ಳೋದು ವಾಸಿ ಅಕ್ಕಾ," ಎಂದರು ಅಮ್ಮನಿಗೆ. ಅಮ್ಮ ಎಡಗಡೆಯ ಅರ್ಧ ಬಾಯಲ್ಲಿ ನಕ್ಕಳು.

ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಇಂದಿಗೂ ಅದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಆ ಪ್ರಶ್ನೆಗಳನ್ನು ಮಾವನಿಗೆ ಹಾಕಿದವಳು ನನಗೆ ನಾನೇ ಹಾಕಿಕೊಳ್ಳಲಿಲ್ಲ.

ವಾರಕ್ಕೊಮ್ಮೆ ಅಮ್ಮನನ್ನು ಚಳ್ಳಕೆರೆಗೆ ಕರೆದೊಯ್ಯುತ್ತಿದ್ದೆ. ಬಸ್ ಸ್ಟ್ಯಾಂಡಿನಿಂದ ಆಟೋ, ಎಣ್ಣೆ ಮಿಲ್ಲುಗಳನ್ನು ದಾಟಿದರೆ ಒಂದು ಮಹಡಿಯ ಕೆಳಗಿನ ಎರಡು ಕೋಣೆ. ಅಲ್ಲಿನ ಫಿಸಿಯೋಥೆರಪಿಸ್ಟ್ ನನಗಿಂತ ಐದಾರು ವರ್ಷಕ್ಕೆ ದೊಡ್ಡವರು. ಅಮ್ಮನ ತೋಳಿಗೆ ಒದ್ದೆ ಪಟ್ಟಿ ಅಂಟಿಸಿ ಕರೆಂಟು ಕೊಡುವ ಮಷಿನ್ ಹಚ್ಚುತ್ತಿದ್ದರು. ಆಮೇಲೆ ಭುಜ, ಮೊಣಕೈ, ಬೆರಳುಗಳನ್ನು ತಾವೇ ಹಿಡಿದು ಆಡಿಸುತ್ತಿದ್ದರು. ಮಷಿನ್ ಗುಂಯ್‌ಗುಡುವಾಗ ಬೆರಳು ಅಲುಗುತ್ತಿತ್ತು. ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು.

ಅಷ್ಟರಲ್ಲಿ ನಾನು ಓದಲು ಶುರುಮಾಡಿದ್ದೆ. ಫೋನಿನಲ್ಲಿ, ಬಸ್ಸಿನಲ್ಲಿ, ಕ್ಲಾಸಿನ ಹಿಂದಿನ ಬೆಂಚಿನಲ್ಲಿ. ಇತ್ತೀಚಿನ ಸಂಶೋಧನೆಗಳು ಹೇಳುವುದು ನನಗೆ ಹಿಡಿಸಿತು. ಸೋತ ಕೈಯ ಕೆಲಸವನ್ನೆಲ್ಲ ಒಳ್ಳೆಯ ಕೈ ವಹಿಸಿಕೊಂಡುಬಿಟ್ಟರೆ ಮೆದುಳು ಸೋತ ಕೈಯನ್ನು ಮರೆಯುತ್ತದೆ. ಆದ್ದರಿಂದ ಒಳ್ಳೆಯ ಕೈಯನ್ನು ದಿನಕ್ಕಿಷ್ಟು ಹೊತ್ತು ಕಟ್ಟಿಹಾಕಿ, ಸೋತ ಕೈಗೆ ಅದು ಬಲ್ಲ ಕೆಲಸವನ್ನೇ ಕೊಟ್ಟು, ಮತ್ತೆ ಮತ್ತೆ ಮಾಡಿಸಬೇಕು. ಸುಮ್ಮನೆ ಮಲಗಿಸಿ ಕರೆಂಟು ಹಾಯಿಸುವುದಕ್ಕಿಂತ ಇದರಲ್ಲಿ ಒಂದು ತರ್ಕವಿತ್ತು.

"ಮೇಡಂ, ಈ ಮಷಿನ್ನಿಂದ ಕೈ ಬರುತ್ತೆ ಅನ್ನೋಕೆ ಪುರಾವೆ ಏನು?" ಎಂದು ಕೇಳಿದೆ.

"ಇದೊಂದರಿಂದ್ಲೇ ಬರುತ್ತೆ ಅಂತ ನಾನೂ ಹೇಳಿಲ್ಲ."

"ಹಂಗಾದ್ರೆ ಒಳ್ಳೆ ಕೈ ಕಟ್ಟಿ ಕೆಲಸ ಮಾಡಿಸೋದನ್ನ ಯಾಕೆ ಮಾಡಬಾರ್ದು?"

ಅವರು ಅಮ್ಮನ ಮುಂಗೈ ಎತ್ತಿ ಬಿಟ್ಟರು. ಅದು ತಟಕ್ಕನೆ ಕೆಳಗೆ ಬಿತ್ತು. "ನೋಡಿ. ಮಣಿಕಟ್ಟು ಸ್ವಲ್ಪವಾದ್ರೂ ತಾನಾಗಿ ಮೇಲೇಳಬೇಕು, ಬೆರಳು ತಾವಾಗಿ ಬಿಚ್ಕೋಬೇಕು. ಅಂಥೋರಿಗೆ ಮಾತ್ರ ಅದು. ನೀವು ಓದಿದ್ದರಲ್ಲೇ ಅದೂ ಬರೆದಿರುತ್ತೆ."

ಬರೆದಿತ್ತು. ನಾನು ಓದಿಯೂ ಇದ್ದೆ. "ಕೈ ಬರೋದಿಲ್ಲ, ಅದಕ್ಕೇ ಬಳಸಬೇಡಿ ಅಂತೀರಿ. ಬಳಸ್ದೇ ಇದ್ರೆ ಎಲ್ಲಿಂದ ಬರುತ್ತೆ ಮೇಡಂ? ಇದು ಸುತ್ತು ವಾದ ಆಗ್ಲಿಲ್ವಾ?"

ಅವರು ಸುಮ್ಮನಾದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿ ಹಾಗೆ ಸುಮ್ಮನಾದರೆ ಅಂಕ ನಮಗೆ. ಹೊರಗೆ ಬೆಂಚಿನ ಮೇಲೆ ಆರೇಳು ಜನ ಕಾಯುತ್ತಿದ್ದರೆಂಬುದು, ಅದಕ್ಕಾಗಿ ಅವರು ಸುಮ್ಮನಾಗಿರಬಹುದೆಂಬುದು ಆಗ ಹೊಳೆಯಲಿಲ್ಲ. ಬಾಗಿಲ ತನಕ ಬಂದು ಒಂದೇ ಮಾತು ಹೇಳಿದರು: "ಏನೇ ಮಾಡಿ, ಕೈ ತೂಗಾಡೋಕೆ ಬಿಡಬೇಡಿ. ಕೂತಾಗ ಕೆಳಗೆ ದಿಂಬು ಇರಲಿ." ನಾನು ತಲೆಯಾಡಿಸಿದೆ. ದಿಂಬಿನ ಮೇಲೆ ಮಲಗಿಸಿದ ಕೈ ಕೆಲಸ ಮಾಡುವುದು ಹೇಗೆ ಎಂದು ಮನಸ್ಸಿನಲ್ಲೇ ವಾದ ಮುಂದುವರಿಸಿದ್ದೆ.

ಒಂದು ಹಲಗೆಗೆ ಎರಡು ಸಾಲು ಮೊಳೆ ಹೊಡೆದು, ಮಗ್ಗದಲ್ಲಿ ಮಿಕ್ಕ ಕಸದೆಳೆಗಳನ್ನು ಒಂದೇ ಕೈಯಲ್ಲಿ ಹೊಸೆಯಲು ಬರುವಂತೆ ಎದುರುಬದುರು ಕಟ್ಟಿಕೊಟ್ಟೆ. ಪಕ್ಕದಲ್ಲಿ ಬೂದಿಯ ಬಟ್ಟಲು. ಗವಸು ಬಿಗಿದು, "ಸಂಜೆ ಬಂದು ನೋಡ್ತೀನಿ," ಎಂದು ಹೊರಟೆ. ಮೊದಲ ಆರು ದಿನ ಒಂದೂ ಇಲ್ಲ. ಬೂದಿ ಸೀರೆಯ ಮೇಲೆಲ್ಲ ಚೆಲ್ಲಿರುತ್ತಿತ್ತು. ಊಟಕ್ಕೆ ಪಕ್ಕದ ಮನೆಯವರು ಬಂದು ತಿನ್ನಿಸಿ ಹೋಗಿರುತ್ತಿದ್ದರು. ಆರನೆಯ ಸಂಜೆ ಹಲಗೆಯನ್ನು ಎತ್ತಿ ಗೋಡೆಗೆ ಒರಗಿಸಿದೆ, ಅಷ್ಟೆ. ಸ್ವಲ್ಪ ಜೋರಾಗಿ ಒರಗಿಸಿದೆನೋ ಏನೋ.

ಏಳನೆಯ ದಿನ ನಾಲ್ಕು ಎಳೆ ಕೂಡಿದ್ದವು.

ನಾನು ಕೂಗಿಕೊಂಡ ಸದ್ದಿಗೆ ಮಾವ ಮಗ್ಗದಿಂದ ಎದ್ದು ಬಂದರು. ನಾಲ್ಕು, ಮಾರನೆಯ ದಿನ ಏಳು, ಆಮೇಲೆ ಹದಿನೈದು. ದಿನವೂ ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟೆ. ಒಂದು ಸಂಜೆ ಗವಸಿನ ಲಾಡಿ ಒದ್ದೆಯಾಗಿತ್ತು; ನೀರು ಕುಡಿಯುವಾಗ ಚೆಲ್ಲಿರಬೇಕು ಎಂದುಕೊಂಡೆ. ಹೊಸೆಯುವಾಗ ವಿಡಿಯೋ ಮಾಡುತ್ತೇನೆಂದರೆ ಅಮ್ಮ, "ವದ್ದು ತಲ್ಲಿ, ಬೇಡಮ್ಮಾ, ನೀನು ನೋಡ್ತಿದ್ರೆ ಬೆರಳು ನಾಚ್ಕೋತಾವೆ," ಎಂದು ಮುಖ ತಿರುಗಿಸಿದಳು. ಎಂಥ ಸಾಕ್ಷಿಯನ್ನೂ ಅಡ್ಡಪ್ರಶ್ನೆಯಿಲ್ಲದೆ ಬಿಡದ ನಾನು ಇದನ್ನು ಬಿಟ್ಟೆ. ಬೇಕಾದ ಉತ್ತರ ಸಿಕ್ಕ ಮೇಲೆ ಪ್ರಶ್ನೆ ಯಾರಿಗೆ ಬೇಕು?

ಚಳ್ಳಕೆರೆಗೆ ಆ ವಾರ ಒಬ್ಬಳೇ ಹೋಗಿ ಪುಸ್ತಕ ತೋರಿಸಿದೆ. ಅವರು ಎರಡು ಹಾಳೆ ತಿರುವಿ ಮುಚ್ಚಿದರು.

"ಅಮ್ಮ ಎಲ್ಲಿ?"

"ಬಸ್ಸಲ್ಲಿ ಕೂತ್ರೆ ಭುಜ ನೋವು ಅಂದ್ರು, ಬಿಟ್ಟು ಬಂದೆ."

"ಭುಜ ನೋವಾ? ಯಾವಾಗಿಂದ? ಮೊದ್ಲು ಕರ್ಕೊಂಡು ಬನ್ನಿ. ಪುಸ್ತಕದ ಕೈ ಹಿಡಿದು ನಾನೇನು ನೋಡ್ಲಿ?"

ಸೋತವರ ಮಾತು ಎಂದುಕೊಂಡು ಹೊರಬಂದೆ.

ಕಸದೆಳೆ ಸಾಕು, ನಿಜವಾದ ಕೆಲಸವನ್ನೇ ಮಾಡಿಸಬೇಕು ಎಂದು ಹಟ ಹಿಡಿದವಳೂ ನಾನೇ. ಮಾವನ ಮಗ್ಗಕ್ಕೆ ಹೊಸ ಹಾಸು ಬಂದಿತ್ತು. ಅಂಚಿನ ಎಳೆಗಳನ್ನಾದರೂ ಅಮ್ಮನಿಗೆ ಕೊಡಿ ಎಂದು ಕೇಳಿದೆ. ಅಮ್ಮ ಬೇಡವೇ ಬೇಡ ಎಂದಳು. "ಇನ್ನೂ ಆಗಲ್ವೇ. ಅದು ಮಂದಿ ಸೀರೆ," ಎಂದಳು. ನಾನು ಪುಸ್ತಕ ತೆಗೆದು ಅವಳದೇ ಎಣಿಕೆಯನ್ನು ಅವಳಿಗೇ ಓದಿ ಹೇಳಿದೆ. ಅವಳು ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಮಾವನಿಗೆ ಕಣ್ಣು ತುಂಬಿಬಂದಿತ್ತು. "ನಮ್ಮಕ್ಕನ ಕೈ ಮತ್ತೆ ಹಾಸಿನ ಮೇಲೆ ಬಿದ್ರೆ ನಂಗಿನ್ನೇನು ಬೇಕು," ಎಂದರು. ಮಗ್ಗದ ಹಿಂದೆ ಮಣೆ ಹಾಕಿ ಕೂರಿಸಿ, ಅವಳು ಕೇಳಿಕೊಂಡಂತೆ ಯಾರೂ ನೋಡದ ಹಾಗೆ ಹಳೆ ಸೀರೆ ಅಡ್ಡ ಕಟ್ಟಿ, ಗವಸು ಬಿಗಿದು, ನಾನು ಕಾಲೇಜಿಗೆ ಹೋದೆ. ಮೂರು ದಿನದಲ್ಲಿ ಅಂಚು ಮುಗಿಯಿತು. ಮಿಕ್ಕದ್ದನ್ನು ಮಾವನ ಮನೆಯವರು ಕೂಡಿಸಿದರು.

ಭಾನುವಾರ ಬೆಳಗ್ಗೆ ಮಾವ ಹಾಸನ್ನು ಮುಂದಕ್ಕೆ ಎಳೆದರು. ನಾನು ಅಲ್ಲೇ ನಿಂತಿದ್ದೆ. ನಡುವಿನ ಎಳೆಗಳೆಲ್ಲ ಹಣಿಗೆಯೊಳಗೆ ಸಲೀಸಾಗಿ ಬಂದವು. ಅಂಚಿನವು ಮೊದಲು ಒಂದು ಜಾರಿತು, ಆಮೇಲೆ ನಾಲ್ಕು, ಆಮೇಲೆ ಲೆಕ್ಕವಿಲ್ಲ. ಕೂಡಿಸಿದ ತುದಿಗಳು ಒಂದೊಂದಾಗಿ ಬಿಟ್ಟುಕೊಂಡು ಕೂದಲಿನಂತೆ ಇಳಿಬಿದ್ದವು. ಮಾವ ಬೈಯಲಿಲ್ಲ. ಬಿಚ್ಚಿದ ಒಂದು ತುದಿಯನ್ನು ಬೆಳಕಿಗೆ ಹಿಡಿದು, ಉಗುರಿನಲ್ಲಿ ಸವರಿ, ನನ್ನ ಕೈಗೆ ಕೊಟ್ಟರು.

"ಹೊಸೆತ ಯಾವ್ ಕಡೀಗೈತೆ ನೋಡು."

ನೇಕಾರರ ಮನೆಯಲ್ಲಿ ಹುಟ್ಟಿದವಳಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಬಲಗೈ ಹೆಬ್ಬೆರಳು ಮುಂದಕ್ಕೆ ಉಜ್ಜಿದರೆ ಎಳೆ ಒಂದು ಕಡೆಗೆ ತಿರುಚಿಕೊಳ್ಳುತ್ತದೆ. ಎಡಗೈ ಹಾಗೆಯೇ ಉಜ್ಜಿದರೆ ಅದಕ್ಕೆ ವಿರುದ್ಧ. ರೇಷ್ಮೆಯ ಎಳೆಗೆ ಮೊದಲೇ ಇರುವ ತಿರುಚು ಬಲಗೈ ಹೊಸೆತವನ್ನು ಹಿಡಿದುಕೊಳ್ಳುತ್ತದೆ. ಉಲ್ಟಾ ಹೊಸೆದರೆ ಎಳೆಯೂ ಸಡಿಲ, ಕೂಡಿಕೆಯೂ ಸಡಿಲ. ನನ್ನ ಕೈಯಲ್ಲಿದ್ದದ್ದು ಎಡಗೈ ಹೊಸೆತ. ಮನೆಗೆ ಓಡಿ ಹಲಗೆ ನೋಡಿದೆ. ಅಲ್ಲಿದ್ದ ಕಸದೆಳೆಗಳೂ ಅಷ್ಟೇ. ನಾಲ್ಕರಿಂದಲೇ, ಮೊದಲ ನಾಲ್ಕರಿಂದಲೇ.

ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

"ಲಾಡಿ ಹೆಂಗೆ ಬಿಚ್ತಿದ್ದೆ?"

"ಹಲ್ಲಲ್ಲಿ."

"ಮತ್ತೆ ಕಟ್ಟೋದು?"

"ಅದೂ ಹಲ್ಲಲ್ಲೇ. ತುದಿ ತೊಡೆ ಕೆಳಗೆ ಒತ್ಕೊಂಡು. ನೀನು ಬರೋ ಬಸ್ಸಿನ ಹೊತ್ತು ಗೊತ್ತಿತ್ತಲ್ಲ."

"ಯಾಕಮ್ಮಾ? ಆಗ್ತಿಲ್ಲ ಅಂತ ಒಂದು ಮಾತು ಹೇಳೋಕೇನಾಗಿತ್ತು?"

"ಹೇಳಿದ್ನಲ್ಲೇ. ಮೊದಲ್ನೇ ದಿನ ಹೇಳ್ದೆ, ಮೂರನೇ ದಿನ ಹೇಳ್ದೆ. ನೀನು ಅದಕ್ಕೆ ಕಾರಣ ಕೊಟ್ಟೆ." ಉಸಿರು ತೆಗೆದುಕೊಂಡಳು. "ಡಾಕ್ಟ್ರಮ್ಮನೇ ನಿನ್ನ ಮುಂದೆ ನಿಲ್ಲಲಿಲ್ಲ. ನಾನು ಮೂರನೇ ಕ್ಲಾಸು ಓದಿದೋಳು, ಎಲ್ಲಿ ನಿಲ್ಲಲಿ?"

ಆಮೇಲೆ ಗೋಡೆ ನೋಡುತ್ತ ಅಂದಳು: "ಮೊದಮೊದ್ಲು ಬಲಗೈನಲ್ಲೇ ನೋಡಿದ್ನಮ್ಮಾ. ಸುಳ್ಳಲ್ಲ. ಎಳೇನ ಬೆರಳ ಮಧ್ಯ ತುರುಕಿ ದಿನಪೂರ್ತಿ ಕೂತಿರ್ತಿದ್ದೆ. ಬೈದೆ, ಕೈ ಮುಗಿಯೋಣ ಅಂದ್ರೆ ಎರಡು ಕೈ ಇಲ್ಲ. ಅದು ಕೇಳಲಿಲ್ಲ."

ಸಿಟ್ಟು ಮಾಡಿಕೊಳ್ಳಬೇಕೆಂದು ಎಷ್ಟು ಹುಡುಕಿದರೂ ಯಾರ ಮೇಲೆ ಎಂದು ತಿಳಿಯಲಿಲ್ಲ. ಕೂತು ಅತ್ತೆ. ಅವಳು ಎಡಗೈಯಿಂದ ನನ್ನ ತಲೆ ಸವರಿದಳು. ಆ ಕೈಯ ಮಣಿಕಟ್ಟಿನಲ್ಲಿ ಲಾಡಿಯ ಗುರುತು ಬಿದ್ದಿತ್ತು.

ಮಾರನೆಯ ದಿನ ಚಳ್ಳಕೆರೆಯಲ್ಲಿ ಫಿಸಿಯೋಥೆರಪಿಸ್ಟ್ ಎಲ್ಲವನ್ನೂ ಕೇಳಿಸಿಕೊಂಡರು. ನಾನು ಹೇಳಿದಷ್ಟನ್ನೂ ಕೇಳಿಸಿಕೊಂಡು ಒಂದು ಮಾತೂ ಚುಚ್ಚಿ ಆಡಲಿಲ್ಲ. ಚುಚ್ಚಿದ್ದರೆ ಉತ್ತರ ಕೊಟ್ಟು ಹಗುರಾಗುತ್ತಿದ್ದೆ. ಅಮ್ಮನ ಬಲಭುಜದ ಮೇಲೆ ಬೆರಳಿಟ್ಟು, ನನ್ನ ಬೆರಳನ್ನೂ ಹಿಡಿದು ಅಲ್ಲೇ ಇಡಿಸಿದರು. ಮೂಳೆಗೂ ಮೂಳೆಗೂ ನಡುವೆ ಬೆರಳು ಇಳಿಯುವಷ್ಟು ಹಳ್ಳ. ವಾರಗಟ್ಟಲೆ ಆಸರೆಯಿಲ್ಲದೆ ತೂಗಾಡಿದ ಕೈಯ ಭಾರಕ್ಕೆ ಕೀಲು ಕೆಳಗೆ ಜಾರಿತ್ತು.

"ಬೆರಳು?" ಎಂದೆ.

"ಬರೋದೇ ಇಲ್ಲ ಅಂತ ನಾನು ಹೇಳಲ್ಲ. ಆದ್ರೆ ಇಷ್ಟು ತಿಂಗಳಾದ್ರೂ ಒಂದು ಚೂರೂ ಬಿಚ್ಕೊಂಡಿಲ್ಲ. ಎಳೆ ಹೊಸೆಯೋ ಅಷ್ಟು ಸೂಕ್ಷ್ಮದ ಕೆಲಸಕ್ಕೆ ಮರಳುತ್ತೆ ಅಂತ ಆಸೆ ಕೊಡೋಕೆ ನನಗಾಗಲ್ಲ."

ಎಷ್ಟು ಜನರಲ್ಲಿ, ಎಷ್ಟು ತಿಂಗಳಿಗೆ, ಯಾವ ಆಧಾರದ ಮೇಲೆ ಎಂದು ಬಾಯಿಗೆ ಬಂತು. ಕೇಳಲಿಲ್ಲ. ಅವರು ನನ್ನನ್ನು ಬಿಟ್ಟು ಅಮ್ಮನ ಕಡೆ ಕುರ್ಚಿ ಎಳೆದುಕೊಂಡರು.

"ಅಮ್ಮಾ, ನಿಮಗೆ ಏನು ಮಾಡೋಕೆ ಬರಬೇಕು ಅಂತಿದೆ? ಮಗಳನ್ನ ನೋಡಬೇಡಿ. ನೀವು ಹೇಳಿ."

ಇಷ್ಟು ತಿಂಗಳಲ್ಲಿ ಈ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಅಮ್ಮ ಎಡಗೈಯಿಂದ ಸೊಂಟದ ಬಳಿ ಸೀರೆ ಸರಿಮಾಡಿಕೊಂಡಳು.

"ಲಂಗದ ಲಾಡಿ ನಾನೇ ಕಟ್ಕೋಬೇಕ್ರಿ," ಎಂದಳು. "ಬೆಳಗ್ಗೆದ್ದು ಇವ್ಳು ಕಟ್ಟೋ ತನಕ ಹಿಡ್ಕೊಂಡು ನಿಂತಿರ್ಬೇಕು. ನಾಚ್ಕೆ ಆಗ್ತೈತೆ."

ಅವರು ಎದ್ದು ಪರದೆ ಎಳೆದರು. ನನಗೆ ಹೊರಗೆ ಕೂರಲು ಹೇಳಿದರು. ಬೆಂಚಿನ ಮೇಲೆ ಕೂತು ಒಳಗಿನ ಸದ್ದು ಕೇಳಿಸಿಕೊಂಡೆ. ಗೋಡೆಗೆ ಒರಗಿ, ಒಂದು ತುದಿ ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದನ್ನು ಸುತ್ತಿ ಎಳೆಯಿರಿ. ಜಾರಿತು. ಪರವಾಗಿಲ್ಲ, ಮತ್ತೊಮ್ಮೆ. ಮತ್ತೆ ಜಾರಿತು. ಅಮ್ಮ ಎಷ್ಟು ಸಲ "ಆಗ್ಲಿಲ್ರಿ" ಎಂದಳೋ. ಪ್ರತಿ ಸಲವೂ ಅವರು "ಆಯ್ತು" ಎಂದಷ್ಟೇ ಹೇಳುತ್ತಿದ್ದರು.

ಅವತ್ತು ಗಂಟು ಬೀಳಲಿಲ್ಲ.

ವಾಪಸು ಬಸ್ಸಿನಲ್ಲಿ ಅಮ್ಮ ಕಿಟಕಿಗೆ ಒರಗಿ ನಿದ್ದೆಹೋದಳು. ಅವಳ ಬಲಗೈಯನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿಕೊಟ್ಟಿದ್ದರು. ಬೆರಳುಗಳು ಮಾತ್ರ ಹೊರಗೆ ಚಾಚಿದ್ದವು. ತಳಕು ಊರು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು. ಬಸ್ಸು ಒಮ್ಮೆ ಎತ್ತಿ ಹಾಕಿತು. ಅಮ್ಮನ ತೋರುಬೆರಳು ಅಲುಗಿತು. ಬಸ್ಸು ಅಲುಗಿಸಿದ್ದು ಅದು, ನನಗೆ ಗೊತ್ತು. ಕಿಟಕಿಯ ಗಾಜೂ ಅಲುಗಿತು, ಎದುರು ಸೀಟಿನವರ ಚೀಲವೂ ಅಲುಗಿತು. ಅದು ಯಾವುದಕ್ಕೂ ಪುರಾವೆಯಲ್ಲ. ಆದರೂ ರಸ್ತೆ ಸಮವಿದ್ದ ಕಡೆಯೆಲ್ಲ ಉಸಿರು ಹಿಡಿದು ಆ ಬೆರಳನ್ನೇ ನೋಡುತ್ತ ಕೂತಿದ್ದೆ, ಮೊಳಕಾಲ್ಮೂರು ಬರುವ ತನಕ.